ಲೋಕಿಕೆರೆಯ ಇರಾನಿ

ಹಳೆಯ ಕಾಗದಕ್ಕೆ ಒಂದು ವಾಸನೆ ಇರುತ್ತದಲ್ಲ, ಮುಗ್ಗಲು ಹಿಡಿದ ಅಕ್ಕಿಯಂಥದ್ದು, ಅದು ನನ್ನ ಮನೆಯನ್ನೆಲ್ಲ ಆವರಿಸಿ ಇವತ್ತಿಗೆ ಎರಡು ದಿನವಾಯಿತು. ಅಟ್ಟದ ಮೇಲಿನ ಗಂಟುಗಳನ್ನೆಲ್ಲ ಇಳಿಸಿದ್ದೇನೆ. ಯಾಕೆ ಎಂದು ಕೇಳಿದರೆ ಜ್ವರದ ಕಥೆ ಹೇಳಬೇಕಾಗುತ್ತದೆ. ಹೇಳಿಯೇ ಬಿಡುತ್ತೇನೆ, ಕೇಳುವವರು ಸಿಕ್ಕಿದ್ದೇ ಹೆಚ್ಚು.

ಹೋದ ತಿಂಗಳು ಮೂರು ದಿನ ಜ್ವರ ಬಂದು ಮಲಗಿದೆ. ಕೆ.ಬಿ. ಬಡಾವಣೆಯಲ್ಲಿ ಮಹಡಿಯ ಮೇಲೆ ನನ್ನ ಬಾಡಿಗೆ ಮನೆ. ಕೆಳಗಿನ ಮನೆಯ ಓನರ್ ಕುಟುಂಬ ಯಾವುದೋ ಮದುವೆಗೆ ಹೋಗಿತ್ತು. ಕ್ಯಾನ್ ನೀರಿನವನು ಕ್ಯಾನನ್ನು ಮೆಟ್ಟಿಲ ಬುಡದಲ್ಲಿಟ್ಟು, ಫೋನ್ ಮಾಡಿ, "ಇಟ್ಟೀನ್ರಿ ಮೇಡಂ" ಎಂದು ಹೋದ. ನಾನು ಮೇಲೆ, ನೀರು ಕೆಳಗೆ. ಮೂರು ದಿನ ಇಬ್ಬರೂ ಒಬ್ಬರನ್ನೊಬ್ಬರು ನೆನೆಸಿಕೊಂಡು ಬಿದ್ದುಕೊಂಡಿದ್ದೆವು. ಕೊನೆಗೆ ಬಚ್ಚಲ ನಲ್ಲಿಯ ನೀರನ್ನೇ ಲೋಟಕ್ಕೆ ಹಿಡಿದು ಕುಡಿದೆ. ಎದ್ದು ಓಡಾಡುವಂತಾದ ಮೇಲೆ ಬುದ್ಧಿ ಬಂತು: ನಾಳೆ ನಾನು ಹೋದರೆ ಈ ಕಾಗದದ ರಾಶಿ ಎತ್ತುವವರು ಯಾರು? ಅದಕ್ಕೇ ರದ್ದಿಯ ಬಾಷಾನನ್ನು ಕರೆದೆ.

ಬಾಷಾ ಒಳ್ಳೆಯವನು. ತಕ್ಕಡಿ ಕೆಳಗಿಟ್ಟು, "ಮೇಡಂ, ಇದ್ರಾಗೆ ಬೇಕಾದ್ದು ಏನಾರ ಐತೇನು ನೋಡ್ಕೊಳ್ರಿ. ಆಮ್ಯಾಲೆ ಬಂದು ಕೇಳಿದ್ರೆ ಸಿಗಲ್ಲ" ಎಂದ. ನನಗೆ ಬೇಕಾದ್ದು ಈ ಕಾಗದದಲ್ಲಿ ಏನಿರುತ್ತದಪ್ಪಾ ಎಂದುಕೊಂಡೇ ಒಂದು ಗಂಟು ಬಿಚ್ಚಿದೆ. 'ಅಂತಿಮ ಬಿಎ, ಸಮಾಜಶಾಸ್ತ್ರ, ಅಸೈನ್‌ಮೆಂಟ್' ಎಂದು ನನ್ನದೇ ಅಕ್ಷರ. ಮೇಲಿನ ಹಾಳೆಯ ಅಂಚಿಗೆ ಕೆಂಪು ಎಣ್ಣೆಯ ಕಲೆ. ಬೆಳ್ಳುಳ್ಳಿ ಚಟ್ನಿಯದು. ಯಾರ ಡಬ್ಬಿಯ ಚಟ್ನಿ ಎಂದೂ ಗೊತ್ತು. ಬಾಷಾನಿಗೆ ಒಂದು ನಿಮಿಷ ಕೂರಲು ಹೇಳಿದೆ.

ನಾನು ಹರಿಹರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಹೆಸರು ಕೇಳಿ ಮೋಸ ಹೋಗಬೇಡಿ. ನಮ್ಮ ಕಡೆ ಅತಿಥಿ ಬಂದರೆ ಮೊದಲು ನೀರು ಬೆಲ್ಲ, ಆಮೇಲೆ ಮಾತು. ಈ ಅತಿಥಿಗೆ ಸ್ಟಾಫ್ ರೂಮಿನಲ್ಲಿ ಒಂದು ಸ್ವಂತ ಕುರ್ಚಿಯೂ ಇರಲಿಲ್ಲ. ಖಾಯಂ ಆದವರು ಬಂದರೆ ಎದ್ದು ಕೊಡಬೇಕು. ಎದ್ದು ಎದ್ದು ಸಾಕಾಗಿ, ಮಧ್ಯಾಹ್ನ ಖಾಲಿ ಕ್ಲಾಸ್ ರೂಮಿನಲ್ಲಿ ಕೂತು ಊಟ ಮಾಡುವುದನ್ನು ರೂಢಿ ಮಾಡಿಕೊಂಡೆ. ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು, ಸಂಜೆ ವಾಪಸ್ಸು. ಇಪ್ಪತ್ತೆರಡು ವರ್ಷ ಹೀಗೆ ಹೋಯಿತು, ಅತಿಥಿಯಾಗಿಯೇ ಹೊರಗೆ ಬಂದೆ. ವಿಷಯಾಂತರವಾಯಿತು, ಕ್ಷಮಿಸಿ. ವಿಷಯಾಂತರ ಎಂಬ ಈ ಶಬ್ದವನ್ನು ಇಷ್ಟು ಹಗುರವಾಗಿ ಬಳಸುವ ಯೋಗ್ಯತೆ ನನಗಿಲ್ಲ, ಯಾಕೆಂದು ಆಮೇಲೆ ಹೇಳುತ್ತೇನೆ.

ನಮ್ಮ ಪಠ್ಯದಲ್ಲಿ ವಲಸೆಯ ಮೇಲೆ ಒಂದು ಅಧ್ಯಾಯವಿತ್ತು. ಅಮೆರಿಕಕ್ಕೆ ಹೋಗಿ ನೆಲೆಸಿದ ಇರಾನಿಯರು ಒಂದು ಕಡೆ, ಹಿಸ್ಪಾನಿಕರು ಇನ್ನೊಂದು ಕಡೆ. ಯಾರು ಎಷ್ಟು ಮುಂದೆ ಬಂದರು, ಹೋಲಿಸಿ. ಬರೆದವರು ಇಬ್ಬರನ್ನೂ ನೋಡಿದ್ದರೋ ಇಲ್ಲವೋ, ನಾನಂತೂ ನೋಡಿರಲಿಲ್ಲ. ಆದರೂ ಬೋರ್ಡಿನ ಮೇಲೆ ಗೆರೆ ಹೊಡೆದು ಗತ್ತಿನಿಂದ ಪಟ್ಟಿ ಮಾಡಿದೆ. ಓದು, ಕೆಲಸ, ಮನೆ, ಇಂಗ್ಲಿಷು, ಮಕ್ಕಳ ಓದು. ಇರಾನಿಯರಿಗೆ ಸಾಲುಸಾಲು ರೈಟ್ ಮಾರ್ಕು. ಹಿಸ್ಪಾನಿಕರಿಗೆ ಹೆಚ್ಚಿನ ಕಡೆ ತಪ್ಪು ಗುರುತು.

"ಮೇಡಂ, ಇರಾನಿ ಅಂದ್ರೆ ಇರಾನಿ ಚಾದೋರೇನ್ರಿ?" ಎಂದು ಹಿಂದಿನ ಬೆಂಚಿನಿಂದ ಒಂದು ದನಿ. "ಹಿಸ್ಪಾನಿಕ್ ಅನ್ನೋ ದೇಶ ಎಲ್ಲಿ ಬರ್ತೈತ್ರಿ?" ಎಂದು ಇನ್ನೊಂದು. ಅದು ಒಂದು ದೇಶವಲ್ಲ, ಸ್ಪ್ಯಾನಿಷ್ ಮಾತಿನ ಹತ್ತಾರು ದೇಶಗಳಿಂದ ಬಂದವರನ್ನು ಒಟ್ಟಿಗೆ ಹಾಗೆ ಕರೆಯುತ್ತಾರೆ ಎಂದು ತಿಳಿಸಿದೆ. ಆಗ ಮಂಜು ಎದ್ದು ನಿಂತಳು.

ಮಂಜು ಎಂದರೆ ಹುಡುಗಿ. ಹಾಜರಿ ಕರೆದ ಮೊದಲ ದಿನ ನಾನೂ ಗಂಡು ದನಿಗೇ ಕಾದಿದ್ದೆ. ಅವಳ ಅಪ್ಪ ರಾಜಸ್ಥಾನದವರು. ಹರಿಹರದ ಬಸ್ ಸ್ಟ್ಯಾಂಡ್ ಹತ್ತಿರ ಬೇಸಿಗೆಯಲ್ಲಿ ಕುಲ್ಫಿ ಗಾಡಿ, ಮಳೆಗಾಲದಲ್ಲಿ ಅದೇ ಗಾಡಿಯ ಮೇಲೆ ಸುಟ್ಟ ಜೋಳದ ತೆನೆ. ಮಂಜು ಹುಟ್ಟಿದ್ದು ಅಲ್ಲಿ, ಅಕ್ಷರ ಕಲಿತದ್ದು ಇಲ್ಲಿ. ಅವಳ ಕನ್ನಡ ಕೇಳಿದರೆ ಹೊಳೆ ನೀರು ಕುಡಿದು ಬೆಳೆದವಳೆಂದು ಯಾರಾದರೂ ಹೇಳುತ್ತಿದ್ದರು.

"ಮೇಡಂ, ಊರು ಬಿಟ್ಟು ಹೊಂಟಾಗ ಕೈಯಾಗೆ ಏನಿತ್ತು ಅನ್ನೋ ಸಾಲು ಯಾಕಿಲ್ರೀ?" ಎಂದು ಕೇಳಿದಳು. "ಒಬ್ರು ಸರ್ಟಿಫಿಕೇಟ್ ಹಿಡ್ಕೊಂಡು ವಿಮಾನದಾಗೆ ಬಂದ್ರು. ಇನ್ನೊಬ್ರು ಯಾರ್ದೋ ತೋಟದಾಗೆ ಹಣ್ಣು ಕೀಳಾಕೆ ಬಂದ್ರು. ಓಡಾಕೆ ನಿಂತ ಜಾಗನೇ ಬ್ಯಾರೆ ಬ್ಯಾರೆ. ಯಾರು ಮುಂದೆ ಅಂತ ಹೆಂಗೆ ಕೇಳ್ತೀರಿ?"

ನಾನು ಚಾಕ್‌ಪೀಸ್ ಮುರಿದುಕೊಂಡು ನಿಂತೆ. "ಹಂಗೇ ವಾಪಸ್ ಹೋಗಾಕೆ ಆಗುತ್ತೋ ಇಲ್ಲೋ ಅನ್ನೋ ಸಾಲೂ ಬೇಕ್ರಿ" ಎಂದಳು. ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿತ್ತು. ಇರಾನಿನಿಂದ ಹೋದ ಎಷ್ಟೋ ಜನಕ್ಕೆ ಹಿಂದಿರುಗುವ ದಾರಿ ಮುಚ್ಚಿತ್ತು. ದೊಡ್ಡ ಮನೆ ಇರುತ್ತದೆ, ಮನೆಯ ಹಿಂದೆ ತೋಟ ಇರುತ್ತದೆ, ಆದರೆ ಊರಲ್ಲಿ ಹೆತ್ತವಳು ಸತ್ತರೆ ಮಣ್ಣಿಗೆ ಹೋಗುವ ಹಾಗಿಲ್ಲ. ಹಿಸ್ಪಾನಿಕರಲ್ಲೂ ಕಾಗದಪತ್ರ ಇಲ್ಲದವರ ಪಾಡು ಅದೇ. ಆದರೆ ಅವರು ಹತ್ತು ಜನ ಒಂದೇ ಮನೆಯಲ್ಲಿ ಇರುತ್ತಾರೆ, ಅಳುವುದಾದರೂ ಕೂಡಿ ಅಳುತ್ತಾರೆ. ಹೀಗೆಲ್ಲ ಹೇಳಿದೆ. ಹೇಳುವಾಗ ನನ್ನ ದನಿ ಯಾಕೋ ಸಣ್ಣದಾಯಿತು. ಅದನ್ನು ಗಮನಿಸಿದವಳು ಅವಳೊಬ್ಬಳೇ ಇರಬೇಕು.

ಮರುದಿನ ಮಧ್ಯಾಹ್ನ ಯಾವುದೋ ನೋಟ್ಸ್ ಕೇಳುವ ನೆಪದಲ್ಲಿ ಖಾಲಿ ಕ್ಲಾಸಿಗೆ ಬಂದಳು. "ಒಬ್ರೇ ಉಣ್ತೀರೇನ್ರಿ ಮೇಡಂ? ಒಬ್ರೇ ಉಂಡ್ರೆ ಅನ್ನ ಮೈಗೆ ಹತ್ತಲ್ಲ ಅಂತಾರೆ ನಮ್ಮಪ್ಪ" ಎಂದು ಎದುರಿಗೇ ಡಬ್ಬಿ ಬಿಚ್ಚಿದಳು. ದಪ್ಪ ರೊಟ್ಟಿ, ಕೆಂಪು ಬೆಳ್ಳುಳ್ಳಿ ಚಟ್ನಿ. "ಅಯ್ಯ, ಇದು ನಮ್ಮ ಸಜ್ಜೆ ರೊಟ್ಟಿನೇ ಅಲ್ಲೇನೇ!" ಎಂದೆ. "ಹೂನ್ರಿ, ರೊಟ್ಟಿ ನಮಗಿಂತ ಮೊದ್ಲೇ ಇಲ್ಲಿಗೆ ಬಂದೈತೆ" ಎಂದು ನಕ್ಕಳು. ಅವತ್ತಿನಿಂದ ಆ ವರ್ಷವೆಲ್ಲ ನಾವಿಬ್ಬರೂ ಕೂಡಿ ಉಂಡೆವು. ನನ್ನ ಚಪಾತಿ ಅವಳಿಗೆ, ಅವಳ ರೊಟ್ಟಿ ನನಗೆ. ಅಷ್ಟು ರುಚಿಯಾದ ಊಟ ಆಮೇಲೆ ನಾನು ಮಾಡಿಲ್ಲ.

ಒಂದು ದಿನ ಉಣ್ಣುತ್ತ ಉಣ್ಣುತ್ತ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ. ನನ್ನೂರು ಲೋಕಿಕೆರೆ. ದಾವಣಗೆರೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹಿಡಿದರೆ ಹೆಚ್ಚು. ಅತ್ತಿಗೆಯ ತಮ್ಮನನ್ನು ಮದುವೆಯಾಗು ಎಂದ ಅಣ್ಣ, ಆಗಲ್ಲ ಎಂದೆ. "ಹಂಗಾದ್ರೆ ಈ ಹೊಸ್ತಿಲು ತುಳಿಬ್ಯಾಡ" ಎಂದ. ನಾನೂ ಅವನ ತಂಗಿಯೇ ಅಲ್ಲವೇ, ತುಳಿಯಲಿಲ್ಲ. ಅವ್ವ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರನೆಯ ದಿನ. ಮಂಜು ಅವತ್ತು ನನ್ನ ಡಬ್ಬಿಯನ್ನೂ ತಾನೇ ತೊಳೆದು ತಂದಳು.

ಈಗ ಅಸೈನ್‌ಮೆಂಟಿನ ಮಾತು. ನಿಮ್ಮ ಊರಿಗೆ ಬೇರೆ ಕಡೆಯಿಂದ ಬಂದು ನೆಲೆಸಿದ ಎರಡು ಕುಟುಂಬಗಳನ್ನು ಹೋಲಿಸಿ ಬರೆಯಿರಿ ಎಂದಿದ್ದೆ. ಎಲ್ಲರೂ ಒಬ್ಬರದ್ದೊಬ್ಬರು ನೋಡಿಕೊಂಡು ಪಾತ್ರೆ ಅಂಗಡಿಯವರನ್ನೂ ಇಟ್ಟಿಗೆ ಭಟ್ಟಿಯವರನ್ನೂ ಬರೆದಿದ್ದರು. ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಅರವತ್ತು ಹಾಳೆ ತಿದ್ದುವಾಗ ನಾವು ಮೊದಲ ಪುಟ ಓದುತ್ತೇವೆ. ಹಿಂಬದಿಗೆ ಅಂದಾಜಿನ ಮೇಲೆ ಒಂದು ಗೀಟು. ಪುಟ ತಿರುವಿ ಓದುವವರು ಹೊಸಬರು, ನಾಲ್ಕು ವರ್ಷದಲ್ಲಿ ಅವರೂ ಸರಿಹೋಗುತ್ತಾರೆ.

ಮಂಜುವಿನ ಹಾಳೆ ಬಂತು. 'ಕುಟುಂಬ ಒಂದು: ನಮ್ಮದು. ಕುಟುಂಬ ಎರಡು: ಮೇಡಂ ಅವರದು.' ಹೊರಟಾಗ ಕೈಯಲ್ಲಿದ್ದದ್ದು ಎಂಬ ಸಾಲಿನಲ್ಲಿ ತಮಗೆ ಒಂದು ಟ್ರಂಕು, ನನಗೆ ಎಂಎ ಪ್ರಮಾಣಪತ್ರ. ಮನೆಯ ಸಾಲಿನಲ್ಲಿ ತಾವು ಒಂದು ರೂಮಿಗೆ ಏಳು ಜನ, ನಾನು ಮೂರು ರೂಮಿಗೆ ಒಬ್ಬಳು. ವಾಪಸ್ ಹೋಗಲು ಆಗುತ್ತದೆಯೇ ಎಂಬಲ್ಲಿ ಹೀಗಿತ್ತು: 'ನಾವು ದೀಪಾವಳಿಗೆ ಹೋಗುತ್ತೇವೆ, ರೈಲಿನಲ್ಲಿ ಎರಡು ರಾತ್ರಿ. ಮೇಡಂ ಅವರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಆದರೆ ಆಗುವುದಿಲ್ಲ. ಆದ್ದರಿಂದ ಮೇಡಂ ಅವರು ಇರಾನಿಯರ ಸಾಲಿಗೆ ಬರುತ್ತಾರೆ.' ಕೊನೆಯ ಸಾಲು, ಕಾಯಿಲೆ ಬಿದ್ದರೆ ನೀರು ಕೊಡುವವರು. 'ನಮ್ಮಲ್ಲಿ ಆರು ಜನ. ಮೇಡಂ ಅವರಿಗೆ' ಎಂಬಲ್ಲಿಗೆ ಪುಟ ಮುಗಿದಿತ್ತು. ಕೆಳಗೆ ಮೂಲೆಯಲ್ಲಿ 'ಪುಟ ತಿರುವಿ ನೋಡಿ' ಎಂದು ಬರೆದಿದ್ದಳು.

ತಿರುವಿ ನೋಡುವುದೇನು ಬಂತು, ಯಾರೂ ಇಲ್ಲ ಎಂದಿರುತ್ತದೆ. ಸಿಟ್ಟು ನೆತ್ತಿಗೇರಿತು. ಉಣ್ಣುವಾಗ ನಂಬಿ ಹೇಳಿದ್ದನ್ನು ತಂದು ಹಾಳೆಯ ಮೇಲೆ ಹರಡಿದ್ದಾಳೆ, ನನ್ನ ಮಾನ ಕಳೆದಳು ಎನಿಸಿತು. ಕೆಂಪು ಪೆನ್ನಿನಲ್ಲಿ 'ವಿಷಯಾಂತರ' ಎಂದು ಬರೆದು ಹತ್ತಕ್ಕೆ ಮೂರು ಕೊಟ್ಟೆ. ನಕಲು ಹೊಡೆದವರಿಗೆಲ್ಲ ಏಳು ಎಂಟು ಕೊಟ್ಟ ಅದೇ ಕೈ.

ತಿದ್ದಿದ ಹಾಳೆಗಳು ನಮ್ಮ ಹತ್ತಿರವೇ ಉಳಿಯುತ್ತವೆ. ನೋಟಿಸ್ ಬೋರ್ಡಿನಲ್ಲಿ ಅಂಕ ನೋಡಿಕೊಂಡು ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ನಾನು ಏನೋ ಬರೆಯುವವಳಂತೆ ತಲೆ ತಗ್ಗಿಸಿದೆ.

"ಪೂರ್ತಿ ಓದಿದ್ರೇನ್ರಿ ಮೇಡಂ?"

"ಓದೀನಿ. ಅದಕ್ಕೇ ಅಷ್ಟು ಕೊಟ್ಟೀನಿ."

"ತಪ್ಪಾತ್ರಿ ಮೇಡಂ" ಎಂದು ಹೊರಟುಹೋದಳು. ಮರುದಿನ ಮಧ್ಯಾಹ್ನ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತಳು, ಪರೀಕ್ಷೆ ಬರೆದಳು, ಹೋದಳು. ಬರಲಿ, ಅವಳೇ ಬರಲಿ ಎಂದು ನಾನು ಕಾದೆ. ಗುರುವಿನ ಗತ್ತು ನೋಡಿ! ಕಾಯುತ್ತ ಕಾಯುತ್ತ ನಾನೇ ರಿಟೈರ್ ಆದೆ.

ಇವತ್ತು ಬಾಷಾ ತಕ್ಕಡಿ ಹಿಡಿದು ಕೂತಿರುವಾಗ ಆ ಹಾಳೆಯನ್ನು ಮೊದಲ ಸಲ ತಿರುವಿದೆ. ಹಿಂಬದಿಯಲ್ಲಿ ಮೂರೇ ಸಾಲು. 'ಮೇಡಂ ಅವರಿಗೆ ನಾನು. ಈಗ ಹರಿಹರದಿಂದ ಬಸ್ಸಿಗೆ ಅರ್ಧ ಗಂಟೆ, ಮುಂದೆ ಎಲ್ಲಿದ್ದರೂ ಫೋನ್ ಮಾಡಿದರೆ ಬರುತ್ತೇನೆ. ಮೇಡಂ, ಇದನ್ನು ಎದುರಿಗೆ ಹೇಳಲು ನಾಚಿಕೆಯಾಯಿತು, ಅದಕ್ಕೆ ಬರೆದಿದ್ದೇನೆ.'

ಇದಕ್ಕೆ ನಾನು ವಿಷಯಾಂತರ ಎಂದಿದ್ದೆ. ಪೂರ್ತಿ ಓದಿಯೇ ಅಷ್ಟು ಕೊಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ್ದೆ. ಇಷ್ಟು ವರ್ಷ ಆ ಹುಡುಗಿ ಅದನ್ನೇ ನಂಬಿಕೊಂಡು ಬದುಕಿದ್ದಾಳೆ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಪಾಪ, ಬಾಷಾ ಗಾಬರಿಯಾದ. "ಯಾಕ್ರಿ ಮೇಡಂ? ಬ್ಯಾಡಾದ್ರೆ ಬ್ಯಾಡ ಬಿಡ್ರಿ, ರದ್ದಿ ಹಾಕಲೇಬೇಕಂತ ಏನೈತೆ?" ಎಂದು ತಕ್ಕಡಿ ಎತ್ತಿಕೊಂಡ.

ಮುಖ ತೊಳೆದು, ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ. ಮಂಜು ಒಮ್ಮೆ ತೋರಿಸಿದ್ದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿ ಹಾಗೇ ಇತ್ತು. ಅವರಿದ್ದ ರೂಮಿನ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು ಅಕ್ಕಿ ಆರಿಸುತ್ತಿದ್ದಳು. ಕುಲ್ಫಿ ಗಾಡಿಯವರು, ಮಗಳು ಮಂಜು ಎಂದೆ.

"ಹೋ, ಅವರಾ? ಅಪ್ಪ ಅವ್ವ ಅವರೂರಿಗೆ ಹೋಗಿ ಭಾಳ ವರ್ಷ ಆತ್ರಿ. ಮಂಜಕ್ಕ ರಾಣೆಬೆನ್ನೂರಾಗೆ ಅದಾಳೆ. ನಮ್ಮ ಸೊಸೆ ಹತ್ರ ನಂಬರ್ ಐತೆ, ಕೆಲಸಕ್ಕೆ ಹೋಗ್ಯಾಳೆ, ಸಂಜಿಗೆ ಬರ್ತಾಳೆ. ಬಿಸಿಲಾಗೆ ಯಾಕ ನಿಂತೀರಿ, ಬರ್ರಿ, ಕೂಡ್ರಿ" ಎಂದು ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದು ಮುಂದಿಟ್ಟಳು. ಚೊಂಬು ಪೂರ್ತಿ ಕುಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ, "ನೀವೇನಾಗಬೇಕ್ರಿ ಅವರಿಗೆ?" ಎಂದಳು.

ಮೇಡಂ ಎನ್ನಬಹುದಿತ್ತು. ಗಂಟಲಿಗೆ ಬಂದದ್ದೂ ಅದೇ. ಆದರೆ ಓದದೆಯೇ ಓದೀನಿ ಎಂದಿದ್ದವಳೂ ಆ ಮೇಡಂ. ಇನ್ನೊಂದು ಸಲ ಸುಳ್ಳು ಹೇಳಲಾಗಲಿಲ್ಲ.

"ನಾನು ಅವಳಿಗೆ ಏನಾಗಬೇಕೋ ಅವಳೇ ಹೇಳಬೇಕ್ರಿ" ಎಂದೆ. "ಅವಳು ನನಗೆ ಬೇಕಾದವಳು."

ಸಂಜೆಗೆ ಇನ್ನೂ ಎರಡು ತಾಸು ಇತ್ತು. ಮೊರದ ಇನ್ನೊಂದು ಬದಿಗೆ ಕೂತು ನಾನೂ ಅಕ್ಕಿ ಆರಿಸತೊಡಗಿದೆ.