ಚಹಾದ ಖೋಕಾದಲ್ಲಿ ಮೂರು ರಾತ್ರಿ

ಮೊನ್ನೆ ನಮ್ಮ ಮನೆಗೆ ಒಂದು ಪಂಜರ ಬಂತು. ತಂತಿಯದು, ಬೇಡವಾದಾಗ ಮಡಚಿಡಬಹುದು, ಕೆಳಗೊಂದು ಪ್ಲಾಸ್ಟಿಕ್ ತಟ್ಟೆ. ನಾನು ಪಂಜರ ಎಂದರೆ ಮಗಳಿಗೆ ಸಿಟ್ಟು. "ಅದು ಪಂಜರ ಅಲ್ಲವ್ವಾ, ಕ್ರೇಟ್" ಎನ್ನುತ್ತಾಳೆ. ಹೆಸರು ಏನೇ ಇರಲಿ, ಅದರೊಳಗೆ ಕೂತ ಅಂಗೈಯಗಲದ ನಾಯಿಮರಿಗೆ ಅದು ಪಂಜರವೆಂದೇ ತೋರಿರಬೇಕು. ದೀಪ ಆರಿಸಿದ್ದೇ ತಡ, ರಾಗ ತೆಗೆಯಿತು. ಮಗಳು ಫೋನಿನಲ್ಲಿ ಎಲ್ಲ ಓದಿಕೊಂಡಿದ್ದಳು: ಅತ್ತರೆ ಹತ್ತಿರ ಹೋಗಬಾರದು, ಮಾತಾಡಿಸಬಾರದು, ನಾಲ್ಕು ದಿನ ಅತ್ತು ತಾನೇ ಸುಮ್ಮನಾಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ನಿಯಮವೆಂದರೆ ನಿಯಮ. ಕದ ಹಾಕಿಕೊಂಡು ಮಲಗಿಬಿಟ್ಟಳು. ಗದುಗಿನ ಶಾಲೆಯಲ್ಲಿ ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಶಿಸ್ತು ಕಲಿಸಿದ ನಾನು ಮಾತ್ರ ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ.

ಹಾಗೆ ಹೊರಳಾಡುವಾಗ ಮೂಗಿಗೆ ಚಹಾಪುಡಿಯ ವಾಸನೆ ಬಂತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಚಹಾ ಕಾಸುವವರು ಯಾರೂ ಇರಲಿಲ್ಲ. ಅದು ಬೆಟಗೇರಿಯ ನಮ್ಮ ಹಳೆಯ ಮನೆಯ ವಾಸನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಐದನೆಯ ಇಯತ್ತೆಯಲ್ಲಿದ್ದೆ. ಕಿರಾಣಿ ಅಂಗಡಿಯಿಂದ ತಂದ ಚಹಾದ ಖೋಕಾ ಒಂದು ನಮ್ಮ ಮನೆಯಲ್ಲಿತ್ತು. ತೆಳುಹಲಗೆಯ ಪೆಟ್ಟಿಗೆ, ಅಂಚಿಗೆಲ್ಲ ತಗಡಿನ ಪಟ್ಟಿ. ಅಪ್ಪ ಅದರಲ್ಲಿ ನೂಲಿನ ಲಡಿ ಇಡುತ್ತಿದ್ದ. ಎಷ್ಟು ವರ್ಷವಾದರೂ ಅದರ ಚಹಾದ ವಾಸನೆ ಹೋಗಿರಲಿಲ್ಲ.

ನಮ್ಮದು ನೇಕಾರರ ಓಣಿ. ಮನೆಮನೆಗೂ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಕೂತನೆಂದರೆ, ಲಾಳಿ ಓಡುವ ಒಂದು ಸಪ್ಪಳ, ಹಲಗೆ ಬಡಿಯುವ ಎರಡು ಸಪ್ಪಳ, ನಡುವೆ ಒಂದು ಉಸಿರಿನಷ್ಟು ಬಿಡುವು. ಮುಂಜಾನೆಯಿಂದ ರಾತ್ರಿ ಊಟದ ಹೊತ್ತಿನವರೆಗೂ ಇದೇ. ಬೇರೆ ಊರಿನಿಂದ ಬಂದ ಬೀಗರು "ಈ ಗದ್ದಲದಾಗ ಹೆಂಗ ಇರ್ತೀರಿ?" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಯಾವ ಗದ್ದಲ ಎಂದು ನಾವು ಅವರ ಮುಖ ನೋಡುತ್ತಿದ್ದೆವು. ನಮ್ಮ ಓಣಿಯ ಕೂಸುಗಳು ಆ ಸಪ್ಪಳದಲ್ಲಿ ಹಾಯಾಗಿ ನಿದ್ದೆ ಹೋಗುತ್ತಿದ್ದವು, ಮಗ್ಗ ನಿಂತರೆ ಕಣ್ಣು ಬಿಡುತ್ತಿದ್ದವು.

ಹರ್ತಿಯಲ್ಲಿ ಮಾವನ ಹೊಲದ ನಾಯಿ ಐದು ಮರಿ ಹಾಕಿತ್ತು. ಅದರಲ್ಲಿ ಕಂದುಬಣ್ಣದ ಒಂದನ್ನು ನಾನು ಹಟ ಹಿಡಿದು ತಂದೆ. ಬಸ್ಸಿನಲ್ಲಿ ಮರಿ ಅವ್ವನ ಸೆರಗಿನ ಕೆಳಗಿತ್ತು. ಅದು ಕುಂಯ್ ಎಂದಾಗಲೆಲ್ಲ ಅವ್ವ ಕೆಮ್ಮುತ್ತಿದ್ದಳು. ಬೆಟಗೇರಿ ಬರುವ ಹೊತ್ತಿಗೆ ಕಂಡಕ್ಟರನಿಗೇ ಕನಿಕರ ಹುಟ್ಟಿ, "ಯವ್ವಾ, ಜಲ್ದಿ ದವಾಖಾನಿಗೆ ತೋರಸ್ರಿ" ಎಂದ.

ಅಪ್ಪ ಮಗ್ಗದಿಂದ ತಲೆ ಎತ್ತಿ ಮರಿಯನ್ನು ನೋಡಿದ, ನನ್ನನ್ನು ನೋಡಿದ. ಬಯ್ಯಲಿಲ್ಲ. ಬಯ್ದಿದ್ದರೆ ಅತ್ತು ಗೆಲ್ಲಬಹುದಿತ್ತು.

"ಬಾಜೂ ಮನ್ಯಾಗ ಬಾಣಂತಿ ಅದಾಳ. ಮೂರು ರಾತ್ರಿ ನೋಡ್ತೀನಿ. ಸುಮ್ಮನಾತು, ಇರ್ಲಿ. ಇಲ್ಲಂದ್ರ ನಾಕನೇ ದಿನ ಮುಂಜಾನಿ ಹರ್ತಿ ಬಸ್ಸಿಗೆ ಹೊಳ್ಳಿ ಕಳಸ್ತೀನಿ. ಅಲ್ಲೀತನಕ ಅದಕ್ಕ ಹೆಸರಿಡಬ್ಯಾಡ. ಹೆಸರಿಟ್ಟದ್ದನ್ನ ಕಳಸಾಕ ಆಗೂದಿಲ್ಲ."

ಬಾಜೂ ಮನೆ ಹುಸೇನಬಿ ಅಜ್ಜಿಯದು. ನೂಲಿಗೆ ಬಣ್ಣ ಹಾಕುವ ಮನೆತನ. ಅಜ್ಜಿಯ ಕೈ ಒಂದು ವಾರ ನೀಲಿ ಇದ್ದರೆ ಇನ್ನೊಂದು ವಾರ ಕೆಂಪು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ನಮ್ಮಿಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ.

ಖೋಕಾ ಖಾಲಿ ಮಾಡಿ, ಅವ್ವನ ಹಳೆ ಸೀರೆ ಹಾಸಿ, ಮರಿಯನ್ನು ಅದರಲ್ಲಿಟ್ಟು ಮಗ್ಗದ ಪಕ್ಕಕ್ಕೆ ಇರಿಸಿದೆವು. ಮೊದಲ ರಾತ್ರಿ ಅಳು ನಿಲ್ಲಲಿಲ್ಲ. ಹಸಿದಿದೆ ಎಂದು ಅವ್ವ ಹಾಲು ಕುಡಿಸಿದಳು, ಕುಡಿದು ಮತ್ತಷ್ಟು ಬಲದಿಂದ ಅತ್ತಿತು. ಗೋಡೆಯ ಆಚೆ ಕೂಸೂ ಎದ್ದು ದನಿಗೂಡಿಸಿತು. ಎರಡನೆಯ ರಾತ್ರಿ ಚಳಿಯೆಂದು ಮೇಲೆ ಗೋಣಿಚೀಲ ಹೊದಿಸಿದೆ, ದೃಷ್ಟಿಯಾಗಿದೆಯೆಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ನಾನಂತೂ ಏಳರ ಮಗ್ಗಿಯವರೆಗೂ ಅದರ ಕಿವಿಯಲ್ಲಿ ಹೇಳಿದೆ; ಮಾಸ್ತರು ಮಗ್ಗಿ ಹೇಳಿಸುವಾಗ ನನಗೆ ತಪ್ಪದೆ ನಿದ್ದೆ ಬರುತ್ತಿತ್ತು. ಮರಿಗೆ ಬರಲಿಲ್ಲ. ವಿಚಿತ್ರವೆಂದರೆ ಹಗಲು ಅದೇ ಖೋಕಾದಲ್ಲಿ ಅದು ಎಬ್ಬಿಸಿದರೂ ಏಳದಂತೆ ಮಲಗುತ್ತಿತ್ತು.

ಮೂರನೆಯ ದಿನ ಅಮಾವಾಸ್ಯೆ. ಅವತ್ತು ನಮ್ಮ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ, ಎಣ್ಣೆ ಹಚ್ಚಿ ಸ್ನಾನ ಮಾಡಿ, ಗಂಡಸರು ಕಟ್ಟೆಯ ಮೇಲೆ ಕೂರುತ್ತಾರೆ. ಓಣಿಗೆ ಓಣಿಯೇ ನಿಶ್ಶಬ್ದ. ಆ ದಿನ ಮರಿ ಹಗಲಿನಲ್ಲೂ ಅಳಲು ಹತ್ತಿತು. ಹೋಗುವವರು ಬರುವವರು, "ಅಮಾಸಿ ದಿನ ನಾಯಿ ಅಳೂದು ಚಲೋ ಅಲ್ಲ" ಎಂದು ಅಪ್ಪನ ಕಿವಿ ಊದಿದರು.

ಮಧ್ಯಾಹ್ನ ಹುಸೇನಬಿ ಅಜ್ಜಿ ಬಂದಳು. ಬಯ್ಯಲು ಬಂದಳೆಂದು ನಾನು ಬಾಗಿಲ ಹಿಂದೆ ಸೇರಿಕೊಂಡೆ. ಅವಳು ಖೋಕಾದೊಳಗೆ ಇಣುಕಿ, ಕಟ್ಟೆಯ ಮೇಲಿದ್ದ ಅಪ್ಪನಿಗೆ ಹೇಳಿದಳು:

"ತಮ್ಮಾ, ನನ್ನ ಮೊಮ್ಮಗಾನೂ ಮುಂಜಾನಿಂದ ಮಲಗಿಲ್ಲ ನೋಡು. ಇದೂ ಮಲಗಿಲ್ಲ. ಎರಡಕ್ಕೂ ಒಂದ ಬ್ಯಾನಿ. ಮಗ್ಗ ನಿಂತಾವು."

ಅಪ್ಪ ಒಳಗೆ ನಿಂತ ಮಗ್ಗದ ಕಡೆ ನೋಡಿದ. "ಖರೆ ಇರಬೇಕು ಅಕ್ಕಾ. ಆದ್ರ ಅಮಾಸಿ ದಿನ ನಮ್ಮಪ್ಪ ಮಗ್ಗ ಮುಟ್ಟಲಿಲ್ಲ. ನಾನೂ ಮುಟ್ಟೂದಿಲ್ಲ."

"ಮುಟ್ಟು ಅಂತ ನಾ ಎಲ್ಲಿ ಅಂದೆ? ತಿಳೀತು, ಹೇಳಿದೆ" ಎಂದು ಅಜ್ಜಿ ಎದ್ದು ಹೋದಳು.

ಅಲ್ಲಿಗೆ ನನ್ನ ಆಸೆ ಮುಗಿಯಿತು. ರೋಗ ತಿಳಿದಿತ್ತು, ಔಷಧ ಎದುರಿಗೇ ಇತ್ತು, ಕೊಡುವ ಹಾಗಿರಲಿಲ್ಲ. ಅಪ್ಪ ಹೇಳಿದ ಮಾತಿಗೆ ತಪ್ಪುವವನಲ್ಲ. ರಾತ್ರಿ ಹೋಳಿಗೆ ಮಾಡಿದ್ದರೂ ಊಟ ಬಿಟ್ಟೆ. ಹೋಳಿಗೆ ಬಿಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಮರಿಯ ಅಳು ಕೇಳಬಾರದೆಂದು ಕೌದಿ ತಲೆತುಂಬ ಹೊದ್ದು, ಅದರೊಳಗೆ ನಾನೂ ಅತ್ತು, ಯಾವಾಗಲೋ ನಿದ್ದೆ ಹೋದೆ.

ಎಚ್ಚರವಾದದ್ದು ಮಗ್ಗದ ಸಪ್ಪಳಕ್ಕೆ. ಕೌದಿ ಸರಿಸಿ ನೋಡಿದೆ. ಮಗ್ಗದ ಕುಣಿ ಖಾಲಿ. ಹಚ್ಚಿಟ್ಟ ಚಿಮಣಿಯ ಬೆಳಕಿನಲ್ಲಿ ಅಪ್ಪ ನೆಲದ ಮೇಲೆ ಖೋಕಾಕ್ಕೆ ಒರಗಿ ಕೂತಿದ್ದ. ಕಣ್ಣು ಮುಚ್ಚಿತ್ತು, ಕೈ ಮಾತ್ರ ಬೆರಳ ಗೆಣ್ಣಿನಿಂದ ಖೋಕಾದ ಹಲಗೆ ಬಡಿಯುತ್ತಿತ್ತು. ಮೊದಲು ಒಂದು, ಆಮೇಲೆ ಎರಡು, ಒಂದು ಉಸಿರಿನಷ್ಟು ಬಿಡುವು. ಒಳಗೆ ಮರಿ ಕಾಲು ಚಾಚಿ ಮಲಗಿತ್ತು. ಗೋಡೆಯ ಆಚೆಯೂ ಸದ್ದಿರಲಿಲ್ಲ.

"ಅಪ್ಪಾ, ಇವತ್ತ ಅಮಾಸಿ ಅಲ್ಲೇನು?" ಎಂದೆ.

"ನಾ ಏನು ಮಗ್ಗ ಮುಟ್ಟೀನೇನಲೇ? ಖೋಕಾ ಮುಟ್ಟೀನಿ. ಸುಮ್ನ ಮಲ್ಕೊ" ಎಂದ ಅಪ್ಪ, ಕಣ್ಣು ತೆರೆಯದೆ. ಕೈ ನಿಲ್ಲಲಿಲ್ಲ.

ಬೆಳಿಗ್ಗೆ ನಾನು ಎದ್ದಾಗ ಹರ್ತಿಯ ಮೊದಲ ಬಸ್ಸು ಹೋಗಿಯಾಗಿತ್ತು. ಅಪ್ಪ ಗೆಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಅಂಗಳದಲ್ಲಿ ನಿಂತು, "ಬಾರಲೇ ಲಾಳ್ಯಾ, ಬಾ" ಎಂದು ಕರೆಯುತ್ತಿದ್ದ. ಮರಿ ಲಾಳಿಯ ಹಾಗೆ ಆ ತುದಿಯಿಂದ ಈ ತುದಿಗೆ ಓಡುತ್ತಿತ್ತು. ನನಗೆ ಇಡಬೇಡವೆಂದ ಹೆಸರನ್ನು ತಾನೇ ಇಟ್ಟಿದ್ದ. ಲಾಳ್ಯಾ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಇದ್ದ. ಬೇರೆ ಓಣಿಯ ನಾಯಿಗಳ ಮುಂದೆ ಅವನ ಪೌರುಷ ಅಷ್ಟಕ್ಕಷ್ಟೇ, ಅದನ್ನು ಹೇಳಿ ಅವನ ಮಾನ ಕಳೆಯುವುದಿಲ್ಲ.

ಮೊನ್ನೆ ರಾತ್ರಿಗೆ ಮರಳುತ್ತೇನೆ. ಎದ್ದು ಹೋಗಿ, ಲಟಕ್ಕೆನ್ನುವ ಮೊಣಕಾಲು ಮಡಚಿ, ಪಂಜರದ ಮುಂದೆ ಕೂತೆ. ಪ್ಲಾಸ್ಟಿಕ್ ತಟ್ಟೆ ಬಡಿದು ನೋಡಿದೆ, ಅದರಲ್ಲಿ ಜೀವವಿಲ್ಲ. ಅಡುಗೆಮನೆಯಿಂದ ಚಪಾತಿ ಮಣೆ ತಂದು ಪಂಜರಕ್ಕೆ ತಾಗಿಸಿಟ್ಟು ಗೆಣ್ಣಿನಿಂದ ಬಡಿದೆ. ಒಂದು, ಆಮೇಲೆ ಎರಡು, ಬಿಡುವು. ಮರಿ ಕಿವಿ ನಿಮಿರಿಸಿತು. ಸ್ವಲ್ಪ ಹೊತ್ತಿಗೆ ಮುಂಗಾಲ ಮೇಲೆ ಮೂತಿ ಇಟ್ಟಿತು.

ಮಗಳ ಕೋಣೆಯ ಕದ ತೆರೆಯಿತು. ನಿಯಮ ಮುರಿದು ಸಿಕ್ಕಿಬಿದ್ದಿದ್ದೆ. ಆದರೆ ಅವಳು ಬಯ್ಯದೆ ಬಂದು ನನ್ನ ಪಕ್ಕ ಕೂತಳು.

"ಅವ್ವಾ, ನಾ ಸಣ್ಣಾಕಿದ್ದಾಗ ನನ್ನ ಬೆನ್ನಿಗೂ ಹಿಂಗ ಬಡೀತಿದ್ದಿ ನೋಡು. ಇದ ತಾಳ."

ನನಗದು ಗೊತ್ತೇ ಇರಲಿಲ್ಲ. ಮಗುವನ್ನು ಬೇರೆ ಹೇಗಾದರೂ ತಟ್ಟಬಹುದೆಂಬ ಯೋಚನೆಯೇ ನನಗೆ ಎಂದೂ ಬಂದಿರಲಿಲ್ಲ. ಆಗ ಅಪ್ಪನ ಕೈ ನೆನಪಾಯಿತು. ಆ ಅಮಾವಾಸ್ಯೆಯ ರಾತ್ರಿ, ಅರೆನಿದ್ದೆಯಲ್ಲೂ ಅದು ಒಮ್ಮೆಯೂ ತಪ್ಪಿರಲಿಲ್ಲ. ಹೊಸದಾಗಿ ಕಲಿತ ಕೈ ಅದಲ್ಲ. ನಾನು ತೊಟ್ಟಿಲಲ್ಲಿದ್ದಾಗಲೂ ತಿಂಗಳಿಗೊಮ್ಮೆ ಅಮಾವಾಸ್ಯೆ ಬರುತ್ತಿತ್ತು, ಮಗ್ಗ ನಿಲ್ಲುತ್ತಿತ್ತು, ಓಣಿಯ ಎಲ್ಲ ಕೂಸುಗಳ ಹಾಗೆ ನಾನೂ ಅತ್ತಿರಬೇಕು. ಇಷ್ಟು ವರ್ಷ ನಾಯಿಮರಿಯ ಕತೆಯೆಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನನ್ನ ತೊಟ್ಟಿಲಿಗೂ ಹೀಗೇ ಬಡಿದಿದ್ದನೇ ಎಂದು ಕೇಳೋಣವೆಂದರೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ.

ಮರಿ ಮಲಗಿತ್ತು. "ಸಾಕವ್ವಾ, ನಿದ್ದಿ ಹತ್ತೇತಿ ಅದಕ್ಕ" ಎಂದಳು ಮಗಳು. ನಾನು ಇನ್ನೂ ಸ್ವಲ್ಪ ಹೊತ್ತು ಬಡಿಯುತ್ತಲೇ ಇದ್ದೆ.