ಗಂಟಿದ್ದ ಕಾಲಿನ ಮೂಳೆ

ನಿಕನೋರಾ ಕವಿಚ್‌ಗೆ ಅನುಮಾನ ಹುಟ್ಟುಗುಣ. ಸಂತೆಯಲ್ಲಿ ಕುಂಬಳಬೀಜದ ಪುಡಿ ಮಾರುವ ಅವಳು, ಬೇರೆಯವರದು ಹಾಗಿರಲಿ, ತನ್ನ ತಕ್ಕಡಿಯನ್ನೇ ನಂಬುತ್ತಿರಲಿಲ್ಲ. ಬ್ರೆಡ್ ಕೊಂಡರೆ ನಿನ್ನೆಯದೋ ಇವತ್ತಿನದೋ ಎಂದು ಮೂಸುವಳು. ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥಿಸಿದರೆ ನಿದ್ದೆ ಹೊಡೆಯುತ್ತಿದ್ದಾನೆ ಎನ್ನುವಳು. ಇಂಥವಳ ಜೊತೆ ಗಂಡ ಹೆರ್ಮಿಲೋ ಪೂತ್ ಅಷ್ಟು ವರ್ಷ ಬಾಳಿದ್ದೇ ದೊಡ್ಡದು ಎಂದು ನಮ್ಮೂರು ಪೊಮುಚ್‌ನಲ್ಲಿ ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ಭಾನುವಾರ ಬಂತೆಂದರೆ ಹೆರ್ಮಿಲೋ ಪಕ್ಕದ ಮನೆಯ ದೊನಾತೋನ ಜೊತೆ ಪಕ್ಕದೂರು ಹೆಸೆಲ್ಚಕಾನ್‌ಗೆ ಹೊರಡುತ್ತಿದ್ದ. ಬೇಸ್‌ಬಾಲ್ ನೋಡಲು ಎಂದು ಅವನು. ಅಲ್ಲೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಇವಳು. ದೊನಾತೋ ಎಷ್ಟು ಆಣೆ ಮಾಡಿ ಹೇಳಿದರೂ, ಕಳ್ಳನಿಗೆ ಕಳ್ಳನೇ ಸಾಕ್ಷಿ ಎಂದು ತಳ್ಳಿಹಾಕಿದಳು. ಗಂಡಸರಿಬ್ಬರೂ ಒಂದೇ ವರ್ಷ ತೀರಿಕೊಂಡರು. ಅನುಮಾನ ಮಾತ್ರ ಬದುಕಿ ಉಳಿಯಿತು.

ನಮ್ಮಲ್ಲಿ ಸತ್ತವರನ್ನು ಹೂತು ಮರೆತುಬಿಡುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಮೂಳೆಗಳನ್ನು ತೆಗೆದು ಮರದ ಪೆಟ್ಟಿಗೆಗೆ ತುಂಬಿ, ಸ್ಮಶಾನದ ಗೋಡೆಯ ಗೂಡಿನಲ್ಲಿಡುತ್ತೇವೆ. ಸತ್ತವರ ಹಬ್ಬಕ್ಕೆ ಮುಂಚೆ ಮನೆಯವರೇ ಹೋಗಿ ಒಂದೊಂದೇ ಮೂಳೆ ಒರೆಸಿ, ಕಸೂತಿಯ ಹೊಸ ಬಟ್ಟೆ ಹಾಸಿ, ಮನೆಯ ಸುದ್ದಿಯೆಲ್ಲ ಹೇಳಿ ಬರಬೇಕು. ಹೆರ್ಮಿಲೋನ ಗೂಡಿಗೆ ಅಂಟಿಕೊಂಡೇ ದೊನಾತೋನ ಗೂಡು.

ಮೊದಲ ಸಲ ಒರೆಸುವಾಗಲೇ ನಿಕನೋರಾಳ ಬೆರಳಿಗೆ ಅದು ಸಿಕ್ಕಿತ್ತು. ಎಡಗಾಲಿನ ಮೂಳೆಯಲ್ಲೊಂದು ಗಂಟು, ಮುರಿದು ಕೂಡಿಕೊಂಡ ಗುರುತು. ಮದುವೆಯಾದ ಮೇಲಂತೂ ಅವನ ಕಾಲು ಮುರಿದಿರಲಿಲ್ಲ. ಮುಂಚೆ ಮುರಿದಿದ್ದರೆ ಯಾಕೆ ಹೇಳಲಿಲ್ಲ? ಹೇಳಬಾರದ ಕಡೆ ಮುರಿದುಕೊಂಡಿರಬೇಕು. ಯಾವಳದೋ ಮನೆಯ ಹಿತ್ತಲ ಗೋಡೆ ಹಾರುವಾಗ. ಅಂದಿನಿಂದ ವರ್ಷ ವರ್ಷವೂ ಆ ಮೂಳೆಯನ್ನು ಹಿಡಿದುಕೊಂಡು ಬೈಯುವುದೇ ಅವಳ ಪ್ರಾರ್ಥನೆಯಾಯಿತು. ಉಳಿದವರು ಸತ್ತವರಿಗೆ ಮೊಮ್ಮಕ್ಕಳ ಸುದ್ದಿ ಹೇಳಿದರೆ, ಇವಳು ಗೋಡೆ ಎಷ್ಟೆತ್ತರವಿತ್ತು ಎಂದು ಕೇಳುತ್ತಿದ್ದಳು.

ಈ ವರ್ಷ ಮೊಣಕಾಲು ಬಾತುಕೊಂಡು ಅವಳು ಹೋಗುವುದು ತಡವಾಯಿತು. ಪೆಟ್ಟಿಗೆ ಇಳಿಸಿ ನೋಡುತ್ತಾಳೆ, ಮೂಳೆಗಳ ಮೇಲೆ ಒಂದು ಚೂರೂ ಧೂಳಿಲ್ಲ. ಯಾರೋ ಒರೆಸಿಟ್ಟಿದ್ದರು, ಹಾಸಿದ ಬಟ್ಟೆ ಮಾತ್ರ ಹಳೆಯದೇ.

ಮೊದಲು ಸಿಕ್ಕವನು ತಂಗಿಯ ಮಗ ವಿಲ್ಬರ್ತ್. ಸಮುದ್ರ ನೋಡಿ ನೋಡಿ ಬೇಸರವಾದ ಪರದೇಶದವರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದು, ಹಳೆಯ ಗುಡಿ, ನೀರಿನ ಗುಹೆ, ಕೊನೆಗೆ ನಮ್ಮ ಸ್ಮಶಾನ ತೋರಿಸುವುದು ಅವನ ಕಸುಬು. ಅವರಿಗೆ ತಮಾಷೆ ತೋರಿಸಲು ನನ್ನ ಗಂಡನನ್ನು ಹೊರಗೆ ತೆಗೆದೆಯಾ ಎಂದು ಜನರೆದುರೇ ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಕೆಂಪಗಾದ. ಆಮೇಲೆ ಒಪ್ಪಿಕೊಂಡದ್ದು ಇಷ್ಟು: ಹೊರಗಿನಿಂದ ಫೋಟೋ ತೆಗೆಯಲು ಬಿಟ್ಟಿದ್ದುಂಟು, ಮುಟ್ಟಿದ್ದಿಲ್ಲ.

"ಇನ್ನೊಬ್ಬರ ಮನೆಯ ಮೂಳೆ ಮುಟ್ಟೋಕೆ ನನಗೇನು ತಲೆ ಕೆಟ್ಟಿದೆಯಾ ದೊಡ್ಡಮ್ಮಾ?"

ಅದು ನಿಜ. ಮನೆಯವರಲ್ಲದೆ ಯಾರೂ ಮುಟ್ಟುವುದಿಲ್ಲ. ಅಂದರೆ ಮುಟ್ಟಿದವಳು ತನ್ನನ್ನೂ ಮನೆಯವಳೇ ಅಂದುಕೊಂಡಿದ್ದಾಳೆ. ಹೆಸೆಲ್ಚಕಾನ್‌ನವಳು ಬಂದಳು ಹಾಗಾದರೆ. ಇಷ್ಟು ವರ್ಷ ಬೈದದ್ದೆಲ್ಲ ನಿಜವಾಗಲಿದೆ ಎಂದು ಗೊತ್ತಾದಾಗ, ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಒರೆಸಿ ಹೋದವಳು ಬಟ್ಟೆ ಬದಲಿಸಲು ಮತ್ತೆ ಬರಲೇಬೇಕು. ಮರುದಿನ ಊರೆಲ್ಲ ಜೋಲಿಯಲ್ಲಿ ಮಲಗಿದ್ದ ಬಿಸಿಲಹೊತ್ತಿನಲ್ಲಿ ಅವಳು ನೀಲಿ ಬಣ್ಣದ ಗೋರಿಯೊಂದರ ಹಿಂದೆ ಕೂತು ಕಾದಳು. ಬಂದವಳು ಕ್ರಿಸಾಂತಾ, ದೊನಾತೋನ ಹೆಂಡತಿ. ಕಂಕುಳಲ್ಲಿ ಹೊಸ ಬಟ್ಟೆ. ತನ್ನ ಗಂಡನ ಗೂಡನ್ನು ದಾಟಿ ಹೆರ್ಮಿಲೋನ ಪೆಟ್ಟಿಗೆಗೆ ಕೈ ಹಾಕಿದಳು.

"ನೀನಾ? ನಾನು ಹೆಸೆಲ್ಚಕಾನ್‌ವರೆಗೂ ಹುಡುಕ್ತಿದ್ದೆ. ಪಕ್ಕದ ಮನೇಲೇ ಇದ್ದೆಯಲ್ಲೇ."

ಕ್ರಿಸಾಂತಾ ಬೆಚ್ಚಲಿಲ್ಲ. ಗಂಟಿದ್ದ ಮೂಳೆಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಇದು ದೊನಾತೋದು. ಹುಡುಗ ಆಗಿದ್ದಾಗ ಮರದಿಂದ ಬಿದ್ದು ಮುರ್ಕೊಂಡಿದ್ದ. ಮೂಳೆ ಕೂಡಿಸಿ ಕಟ್ಟಿದ್ದು ನಮ್ಮಪ್ಪ. ಕಟ್ಟು ಬಿಚ್ಚಿಸ್ಕೊಳ್ಳೋಕೆ ಬಂದೋನು ನನ್ನ ನೋಡ್ದ."

ಮೂಳೆ ತೆಗೆದ ದಿನ ಜೋರು ಮಳೆ. ಗೋರಿ ಅಗೆಯುವವನು ಇಬ್ಬರನ್ನೂ ಒಟ್ಟಿಗೆ ತೆಗೆದು, ಅವಸರದಲ್ಲಿ ಪೆಟ್ಟಿಗೆಗಳನ್ನು ಅದಲುಬದಲು ಮಾಡಿಬಿಟ್ಟಿದ್ದ. ಕ್ರಿಸಾಂತಾಗೆ ಮೊದಲ ವರ್ಷವೇ ತಿಳಿಯಿತು, ಪೆಟ್ಟಿಗೆಯಲ್ಲಿ ಗಂಟಿನ ಮೂಳೆ ಸಿಗಲಿಲ್ಲವಲ್ಲ. ಮೂಳೆ ತೆಗೆದ ದಿನ ನಿಕನೋರಾಳೂ ಅಲ್ಲೇ ಇದ್ದಳು. ಆದರೆ ಅವಳ ಕಣ್ಣೆಲ್ಲ ಗೇಟಿನ ಮೇಲಿತ್ತು, ಹೆಸೆಲ್ಚಕಾನ್‌ನಿಂದ ಯಾವಳಾದರೂ ಅಳುತ್ತಾ ಬರುತ್ತಾಳೇನೋ ಎಂದು.

"ಯಾಕೆ ಹೇಳಲಿಲ್ಲ?" ನಿಕನೋರಾಳ ದನಿ ಇಳಿದಿತ್ತು.

"ಹೇಳಿದ್ರೆ ನಂಬ್ತಿದ್ಯಾ? ನನ್ನ ಗಂಡನ ಮೂಳೆ ಮೇಲೆ ಇವಳಿಗ್ಯಾಕೆ ಕಣ್ಣು ಅಂತ ಸಂತೇಲಿ ಡಂಗುರ ಹೊಡೀತಿದ್ದೆ. ನಿನ್ನೋನ್ನ ನಾನು ಒರೆಸ್ತೀನಿ, ನನ್ನೋನ್ನ ನೀನು ಒರೆಸ್ತೀಯ, ಇಬ್ರೂ ಧೂಳಲ್ಲಂತೂ ಇಲ್ವಲ್ಲ ಅಂತ ಸುಮ್ಮನಾದೆ. ಈ ಸಲ ನೀನು ಬರಲೇ ಇಲ್ಲ, ಅದಕ್ಕೆ ಕೈ ಹಾಕ್ದೆ. ಆದ್ರೆ ನೀನು ಬೈಯ್ಯೋದು ಕೇಳೋಕಾಗ್ತಿರಲಿಲ್ಲ ಕಣೇ. ಪ್ರತಿ ವರ್ಷ ನೀನು ಹೋದ್ಮೇಲೆ ಬಂದು, ಅದು ನಿನಗಲ್ಲ, ಬೇಜಾರ್ ಮಾಡ್ಕೋಬೇಡ ಅಂತ ಇವನಿಗೆ ಹೇಳಿ ಹೋಗ್ತಿದ್ದೆ."

ನಿಕನೋರಾ ಅದನ್ನೂ ಸುಮ್ಮನೆ ನಂಬಲಿಲ್ಲ. ಪಕ್ಕದ ಗೂಡಿನ ಪೆಟ್ಟಿಗೆ ಇಳಿಸಿ, ಎರಡೂ ಕಾಲಿನ ಮೂಳೆಗಳನ್ನು ಬಿಸಿಲಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಹೆಬ್ಬೆರಳು ಆಡಿಸಿ ನೋಡಿದಳು. ನೆಟ್ಟಗಿದ್ದವು, ನುಣ್ಣಗಿದ್ದವು. ಎಲ್ಲೂ ಗಂಟಿಲ್ಲ. ಯಾವ ಗೋಡೆಯನ್ನೂ ಹಾರಿ ಬಿದ್ದ ಕಾಲಲ್ಲ ಅದು. ಸಂಕಟವಾಯಿತು ಅವಳಿಗೆ. ಬೈದದ್ದಕ್ಕಲ್ಲ, ಬೈಗುಳವೆಲ್ಲ ದೊನಾತೋಗೆ ಹೋಗಿತ್ತು. ಅಷ್ಟು ವರ್ಷ ಹೆಂಡತಿಯ ಒಂದು ಮಾತೂ ಕಿವಿಗೆ ಬೀಳದೆ, ಕೈಯಳತೆಯಲ್ಲೇ ಹೆರ್ಮಿಲೋ ಬಿದ್ದಿದ್ದನಲ್ಲ ಎಂದು.

ಕ್ರಿಸಾಂತಾ ತಾನು ತಂದ ಬಟ್ಟೆಯನ್ನು ದೊನಾತೋಗೆ ಹಾಸತೊಡಗಿದಳು. ನಿಕನೋರಾ ನೆಲದ ಮೇಲೆ ಕೂತು ಗಂಡನ ತಲೆಬುರುಡೆಯನ್ನು ಮಡಿಲಿಗೆ ತೆಗೆದುಕೊಂಡಳು. ಬಾಯಿ ತೆರೆದರೆ ಅಭ್ಯಾಸದ ಬೈಗುಳವೇ ಬಂತು, ನುಂಗಿಕೊಂಡಳು.

"ನಾನು, ನಿಕನೋರಾ," ಎಂದಳು. "ಬರೋದು ತಡ ಆಯ್ತು."