ಟವೆಲ್ ಕೆಳಗೆ ಸಿಕ್ಕಿಬಿದ್ದ ಕೈ

ಮದಲೂರಿನ ಕುರಿ ಕಾಯುವ ತಾತ ನನ್ನ ಬಲಗೈ ಎಳೆದುಕೊಂಡು ಅದರ ಮೇಲೆ ತನ್ನ ಟವೆಲ್ ಹೊದಿಸಿಯೇಬಿಟ್ಟ. ಎಂಬತ್ತರ ದಶಕದ ಶುರು, ಶಿರಾದ ಕುರಿ ಸಂತೆ. ಎಂ.ಎ. ಅರ್ಥಶಾಸ್ತ್ರದ ಪ್ರಬಂಧಕ್ಕೆಂದು ಪ್ರಶ್ನಾವಳಿ ಹಿಡಿದು, ಕುರಿ ಕೊಳ್ಳಲು ಬಂದವರನ್ನೆಲ್ಲ ಬೆಳಗಿನಿಂದ ಒಂದೇ ಮಾತು ಕೇಳುತ್ತಿದ್ದೆ: "ಹೆಚ್ಚೆಂದರೆ ಎಷ್ಟು ಕೊಡುತ್ತೀರಿ?" ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಅಂಗೆ ಕೇಳುದ್ರೆ ಯಾರ್ ಯೋಳ್ತಾರಪ್ಪ? ಈ ಟಗರು ನೀನೇ ತಗಳ್ತಿದ್ದೀಯ ಅಂದ್ಕ. ನಿನ್ ರೇಟು ಮನಸ್ನಾಗೇ ಇಟ್ಕ" ಅಂದ ತಾತ.

ನಾಲ್ಕು ನೂರು ಎಂದುಕೊಂಡೆ. ಅಕ್ಕಪಕ್ಕದವರಿಗೆ ತಿಳಿಯದಿರಲೆಂದು ಅಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದೇ ವ್ಯಾಪಾರ. ಬೆರಳಿಗೆ ನೂರು ರೂಪಾಯಿ. ತಾತ ಎರಡು ಹಿಡಿದ, ಮೂರು ಹಿಡಿದ, ನಾಲ್ಕೂ ಹಿಡಿದ. ನಾನು ಮುಖ ಬಿಗಿದುಕೊಂಡೇ ನಿಂತಿದ್ದೆ. ಐದನೆಯದನ್ನು ಮುಟ್ಟಿದವನೇ ಟವೆಲ್ ತೆಗೆದು ನಕ್ಕ.

"ನಾಕು ನೂರು. ಹೆಬ್ಬೆಟ್ಟು ಮುಟ್ತಿದ್ದಂಗೇ ಕೈ ಹಿಂದಕ್ಕೆಳ್ಕಂಡೆ ಕಣಪ್ಪ."

ನಾನು ಪ್ರಶ್ನಾವಳಿಯನ್ನು ಚೀಲಕ್ಕೆ ತುರುಕಿದವನು ಸಂತೆ ಮುಗಿಯುವತನಕ ತಾತನ ಪಕ್ಕ ಬಿಟ್ಟು ಕದಲಲಿಲ್ಲ.

ಆ ಪ್ರಬಂಧಕ್ಕೆ ಎಷ್ಟು ಅಂಕ ಬಂದವೋ ಮರೆತಿದ್ದೇನೆ. ಆದರೆ ಇಂದಿಗೂ ಅಂಗಡಿಯಲ್ಲಿ ಚೌಕಾಸಿಗೆ ಇಳಿಯುವ ಮುಂಚೆ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.